ಕಂಪನಿ ಕಳಿಸಿದವರು, ತಾವಾಗಿ ಹೋದವರು: ಹೊರದೇಶದಲ್ಲಿ ಸ್ವಂತ ಉದ್ಯಮ

ಪ್ರಶ್ನೆ: ಕಂಪನಿ ನನ್ನನ್ನು ಮೂರು ವರ್ಷಕ್ಕೆ ಹೊರದೇಶಕ್ಕೆ ಕಳಿಸಿದೆ. ಇಲ್ಲೇ ಸಣ್ಣ ಸಲಹಾ ಸಂಸ್ಥೆ ತೆರೆಯುವ ಆಸೆ. ತಾನಾಗಿ ಕೆಲಸ ಹುಡುಕಿಕೊಂಡು ಬಂದ ಗೆಳೆಯ ಆಗಲೇ ಒಂದನ್ನು ನಡೆಸುತ್ತಿದ್ದಾನೆ. ನನಗೇಕೆ ಆಗಬಾರದು?

ಉತ್ತರ: ಇಬ್ಬರೂ ಒಂದೇ ಊರಲ್ಲಿದ್ದರೂ ನಿಮ್ಮ ಕಾಗದಪತ್ರ ಬೇರೆ ಬೇರೆ. ಕಂಪನಿ ಕಳಿಸಿದವರ ಪರ್ಮಿಟ್ (ಅಲ್ಲಿ ಇದ್ದು ಕೆಲಸ ಮಾಡಲು ಆ ದೇಶ ಕೊಡುವ ಅನುಮತಿ) ಸಾಮಾನ್ಯವಾಗಿ ಆ ಕಂಪನಿಗೆ, ಆ ಹುದ್ದೆಗೆ ಅಂಟಿಕೊಂಡಿರುತ್ತದೆ. ತಾನಾಗಿ ಹೋದವರಿಗೆ ಮನೆ ಬಾಡಿಗೆ, ಮಕ್ಕಳ ಶಾಲೆಯ ಸವಲತ್ತು ಸಿಗುವುದು ಅಪರೂಪ. ಅವರಿಗೂ ಮೊದಲ ಕೆಲವು ವರ್ಷ ಇದೇ ಕಟ್ಟು ಇರಬಹುದು, ಆದರೆ ದೀರ್ಘಾವಧಿ ನಿವಾಸದ ಪರ್ಮಿಟ್ ಕೈಗೆ ಬಂದ ಮೇಲೆ ಕೈ ಬಿಚ್ಚಿಕೊಳ್ಳುತ್ತದೆ. ಗೆಳೆಯನ ಬಳಿ ಯಾವ ಪರ್ಮಿಟ್ ಇದೆ ಎಂದು ಮೊದಲು ಕೇಳಿ.

ಆಮೇಲೆ ನಿಮ್ಮ ಪರ್ಮಿಟ್ಟಿನ ಷರತ್ತು ಓದಿ. ಸ್ವಯಂ ಉದ್ಯೋಗಕ್ಕೆ ಅವಕಾಶವಿದೆಯೇ? ಹಲವು ದೇಶಗಳಲ್ಲಿ ಕಂಪನಿಯ ಷೇರು ಹೊಂದಲು ಅಡ್ಡಿಯಿಲ್ಲ, ಅದರಲ್ಲಿ ಕೆಲಸ ಮಾಡುವುದಕ್ಕೆ ಅಡ್ಡಿಯಿದೆ. ಗ್ರಾಹಕರನ್ನು ಭೇಟಿಯಾಗಿ ಬಿಲ್ಲಿಗೆ ಸಹಿ ಹಾಕಿದರೆ ಅದು ಕೆಲಸವೇ, ಸಂಬಳ ತೆಗೆದುಕೊಳ್ಳದಿದ್ದರೂ. ನೌಕರಿಯ ಕರಾರಿನಲ್ಲಿ ಮೂರು ಕಲಮು ಹುಡುಕಿ: ಹೊರಗಿನ ಉದ್ಯೋಗ, ಬೌದ್ಧಿಕ ಆಸ್ತಿ (ನೀವು ಬರೆದದ್ದು, ರೂಪಿಸಿದ್ದು ಯಾರಿಗೆ ಸೇರುತ್ತದೆ ಎಂಬುದು), ಪೈಪೋಟಿ ನಿಷೇಧ (ಕಂಪನಿಗೆ ಎದುರಾಗುವ ವ್ಯವಹಾರ ಮಾಡಬಾರದೆಂಬುದು). ಕಂಪನಿಯ ಲ್ಯಾಪ್‌ಟಾಪಿನಲ್ಲಿ ಬರೆದದ್ದು ಯಾರದೆಂಬ ಜಗಳ ಹುಟ್ಟುವುದು ಎರಡನೆಯದರಿಂದ. ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ. ಮ್ಯಾನೇಜರ್ ಬಾಯಿಮಾತಲ್ಲಿ ಹೇಳಿದ್ದು ಅವರು ವರ್ಗವಾದ ದಿನವೇ ಹೋಯಿತು.

ಜನ ಮರೆಯುವುದು ಇನ್ನೊಂದನ್ನು. ನೌಕರಿ ಹೋದರೆ ಸಾಮಾನ್ಯವಾಗಿ ಪರ್ಮಿಟ್ಟೂ ಹೋಗುತ್ತದೆ. ಆಗ ಕಚೇರಿಯ ಬಾಡಿಗೆ ಕರಾರು, ಬಾಕಿ ಬಿಲ್ಲು ಎಲ್ಲ ಅಲ್ಲೇ ಉಳಿದು ನೀವು ಗಡಿಯಾಚೆ ಇರುತ್ತೀರಿ. ಹಾಗಾಗಿ ಉದ್ಯಮಿ ಪರ್ಮಿಟ್ಟಿಗೆ ಬದಲಾಯಿಸಿಕೊಳ್ಳುವ ದಾರಿ, ಅದಕ್ಕೆ ಬೇಕಾದ ಬಂಡವಾಳ ತಿಳಿದ ಮೇಲಷ್ಟೇ ನೋಂದಣಿಗೆ ಕೈ ಹಾಕಿ.

ಪ್ರಶ್ನೆ: ವರ್ಷದಲ್ಲಿ 183 ದಿನ ಮೀರದಿದ್ದರೆ ಆ ದೇಶದಲ್ಲಿ ತೆರಿಗೆಯೇ ಇಲ್ಲವಂತೆ?

ಉತ್ತರ: ಈ ಮಾತು ಅನೇಕರನ್ನು ಗುಂಡಿಗೆ ಕೆಡವಿದೆ. ಓಇಸಿಡಿ ಎಂಬ ದೇಶಗಳ ಆರ್ಥಿಕ ಸಂಘಟನೆ ರೂಪಿಸಿದ, ದೇಶಗಳು ತಮ್ಮ ನಡುವಿನ ಒಪ್ಪಂದಕ್ಕೆ ನಮೂನೆಯಾಗಿ ಬಳಸುವ ಮಾದರಿ ತೆರಿಗೆ ಒಪ್ಪಂದದ 15ನೇ ವಿಧಿಯ 183 ದಿನ ಸಂಬಳಕ್ಕೆ ಮಾತ್ರ. ಅದೂ ಜೊತೆಗೆ ಇನ್ನೆರಡು ಷರತ್ತು ಕೂಡಿದರೆ: ಸಂಬಳ ಕೊಡುವವರು ಆ ದೇಶದ ನಿವಾಸಿಯಾಗಿರಬಾರದು, ಅಲ್ಲಿನ ಅವರ ಶಾಖೆ ಅದರ ವೆಚ್ಚ ಭರಿಸಿರಬಾರದು. ಎಣಿಕೆ ಕ್ಯಾಲೆಂಡರ್ ವರ್ಷಕ್ಕಲ್ಲ, ಯಾವುದೇ 12 ತಿಂಗಳ ಅವಧಿಗೆ. ಇಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ.

ವ್ಯಾಪಾರದ ಲಾಭಕ್ಕೆ ಇದು ಅನ್ವಯಿಸುವುದಿಲ್ಲ. ಅಲ್ಲಿ ಕೇಳುವುದು ಆ ದೇಶದಲ್ಲಿ ನಿಮ್ಮ ವ್ಯಾಪಾರಕ್ಕೆ ಕಾಯಂ ನೆಲೆ, ಅಂದರೆ ಕಚೇರಿಯಂಥ ಸ್ಥಿರ ಜಾಗ, ಇದೆಯೇ ಎಂದು. ನಿಮ್ಮ ಪರವಾಗಿ ಕರಾರು ಕುದುರಿಸುವ ಪ್ರತಿನಿಧಿ ಇದ್ದರೂ ನೆಲೆ ಆದೀತು. ತಾಯ್ನಾಡು, ಈಗಿರುವ ದೇಶ ಎರಡೂ ತೆರಿಗೆಯ ಲೆಕ್ಕದಲ್ಲಿ ನಿಮ್ಮನ್ನು ತಮ್ಮ ನಿವಾಸಿ ಎಂದರೆ ಕಾಯಂ ಮನೆ, ಬದುಕಿನ ಮುಖ್ಯ ಸಂಬಂಧಗಳು, ಹೆಚ್ಚು ವಾಸಿಸುವ ಜಾಗ, ಪೌರತ್ವ, ಇದೇ ಕ್ರಮದಲ್ಲಿ ನೋಡುತ್ತಾರೆ. ಅಂತಿಮವಾಗಿ ಆ ಎರಡು ದೇಶಗಳ ನಡುವಿನ ಒಪ್ಪಂದದ ಪಠ್ಯವೇ ಪ್ರಮಾಣ, ಮಾದರಿಯಲ್ಲ.

ಪ್ರಶ್ನೆ: ಎಸ್ಟೋನಿಯಾದ ಇ-ರೆಸಿಡೆನ್ಸಿ ತೆಗೆದುಕೊಂಡರೆ ಈ ತಲೆನೋವೆಲ್ಲ ತಪ್ಪುತ್ತದೆಯೇ?

ಉತ್ತರ: ಇಲ್ಲ. 2014ರಲ್ಲಿ ಶುರುವಾದ ಇದು ಡಿಜಿಟಲ್ ಗುರುತು. ದೂರದಿಂದ ಕಂಪನಿ ತೆರೆಯಲು, ಸಹಿ ಹಾಕಲು ಅನುಕೂಲ. ವಾಸದ ಹಕ್ಕಿಲ್ಲ, ತೆರಿಗೆ ನಿವಾಸವೂ ಅಲ್ಲ. ಕಂಪನಿಯ ತೀರ್ಮಾನಗಳನ್ನು ನೀವು ಬೇರೆ ದೇಶದಲ್ಲಿ ಕೂತು ಕೈಗೊಂಡರೆ ಆ ದೇಶ ತೆರಿಗೆ ಕೇಳಬಹುದು.

ಪ್ರಶ್ನೆ: ನೋಂದಣಿಗೆ ಪದವಿ ಪತ್ರ, ಜನನ ಪತ್ರ ಕೇಳಿದ್ದಾರೆ. ಅನುವಾದ ಮಾಡಿಸಿದ್ದೇನೆ. ಆದರೂ ವಾಪಸ್ ಬಂತು.

ಉತ್ತರ: ಬಹುಶಃ ಕ್ರಮ ತಪ್ಪಿದೆ. ಪತ್ರ ಕೊಟ್ಟ ದೇಶ, ಕೇಳುವ ದೇಶ ಎರಡೂ ದಾಖಲೆಗಳ ದೃಢೀಕರಣ ಕುರಿತ 1961ರ ಹೇಗ್ ಒಪ್ಪಂದದಲ್ಲಿದ್ದರೆ ಮೊದಲು ಮೂಲ ಪತ್ರಕ್ಕೆ, ಅದನ್ನು ಕೊಟ್ಟ ದೇಶದಲ್ಲೇ ಅಪೋಸ್ಟಿಲ್ (ಹೊರದೇಶದಲ್ಲಿ ಒಪ್ಪುವ ದೃಢೀಕರಣ ಪತ್ರ) ಹಾಕಿಸಿ, ಆಮೇಲೆ ಅಪೋಸ್ಟಿಲ್ ಸಮೇತ ಅನುವಾದಿಸಿ. ಅಪೋಸ್ಟಿಲ್ ದೃಢಪಡಿಸುವುದು ಸಹಿ, ಸಹಿ ಹಾಕಿದವರ ಅಧಿಕಾರ ಮತ್ತು ಮೊಹರನ್ನು ಮಾತ್ರ, ಒಳಗಿನ ವಿಷಯವನ್ನಲ್ಲ. ಹೆಸರಿನ ಕಾಗುಣಿತ ಪಾಸ್‌ಪೋರ್ಟಿಗೆ ಹೊಂದುತ್ತದೆಯೇ ಎಂದು ಅಪೋಸ್ಟಿಲ್‌ಗೆ ಕಳಿಸುವ ಮುಂಚೆಯೇ ನೋಡಿಕೊಳ್ಳಿ.