ಸಿನಿಮಾ ಕೆಟ್ಟದಾಗಿದೆ ಎಂದು ಗೊತ್ತಿದ್ದೂ ಅದನ್ನು ನೋಡಿ ಖುಷಿಪಡುವುದು ಹೇಗೆ?

ಹಾರರ್ ಹುಚ್ಚಿನ ರೂಮ್‌ಮೇಟ್ ಜೊತೆ ಕೂತು ಒಂದು ಹಳೆಯ ತೋಳಮಾನವ ಸಿನಿಮಾ ನೋಡಿದ್ದೀರಿ. ಅವರು ಬಿದ್ದು ಬಿದ್ದು ನಕ್ಕರು, ನಿಮಗೆ ಒಂದೂವರೆ ಗಂಟೆ ದಂಡವಾಯಿತು. ಇದರಲ್ಲಿ ಖುಷಿಪಡಲು ನಿಜವಾಗಿ ಏನಾದರೂ ಇದೆಯಾ, ಅಥವಾ ಸುಮ್ನೆ ಶೋಕಿಗೆ ನಗುತ್ತಾರಾ ಎಂದು ಕೇಳಿದ್ದೀರಿ.

ಶೋಕಿಗೆ ನಗುವವರೂ ಇದ್ದಾರೆ ಬಿಡಿ. ಆದರೆ ಆ ಖುಷಿ ಸುಳ್ಳಲ್ಲ. ನೀವು ನೋಡಿದ್ದು ಯಾವ ಸಿನಿಮಾ ಎಂದು ಹೇಳಿಲ್ಲ. ಹಾಗಾಗಿ ನನಗೆ ತುಂಬಾ ಇಷ್ಟವಾದ ಒಂದನ್ನೇ ಹಿಡಿದುಕೊಂಡು ಹೇಳುತ್ತೇನೆ: 1985ರ 'ಹೌಲಿಂಗ್ 2: ಯುವರ್ ಸಿಸ್ಟರ್ ಈಸ್ ಎ ವೇರ್‌ವುಲ್ಫ್'. ಹೆಸರಿನಲ್ಲೇ 'ನಿನ್ನ ತಂಗಿ ತೋಳಮಾನವಿ' ಎಂದು ಇಡೀ ಗುಟ್ಟು ಬಿಟ್ಟುಕೊಟ್ಟ ಸಿನಿಮಾ ಅದು.

ಮೊದಲು ಒಂದು ಮಾತು. ತೋಳಮಾನವರ ಸಿನಿಮಾ ಕೆಡುವುದು ಬಹಳ ಸುಲಭ. ರಕ್ತಪಿಶಾಚಿ ಬೇಕೆಂದರೆ ಎರಡು ಕೋರೆಹಲ್ಲು, ಒಂದು ಕರಿ ನಿಲುವಂಗಿ ಸಾಕು. ನಮ್ಮ ದೆವ್ವಕ್ಕಂತೂ ಬಿಳಿ ಸೀರೆ, ಬಿಚ್ಚಿದ ಕೂದಲು ಇದ್ದರೆ ಮುಗಿಯಿತು. ತೋಳಮಾನವನಿಗೆ ಮೈತುಂಬಾ ರೋಮ ಬೇಕು, ಮೂತಿ ಬೇಕು, ಅದೂ ಸಾಲದೆಂದು ಮನುಷ್ಯ ಕ್ಯಾಮೆರಾ ಮುಂದೆಯೇ ಪ್ರಾಣಿಯಾಗಬೇಕು. 1941ರ 'ದ ವುಲ್ಫ್ ಮ್ಯಾನ್' ಸಿನಿಮಾದಲ್ಲಿ ಮೇಕಪ್‌ನವರು ನಟನ ಮುಖಕ್ಕೆ ಯಾಕ್ ಕೂದಲು ಅಂಟಿಸಿದ್ದರು. ಮೊದಲ ಸಲ ಅವನು ಬದಲಾಗುವಾಗ ತೋರಿಸಿದ್ದು ಬರೀ ಕಾಲುಗಳನ್ನು. ಜಾಣತನ, ಅಲ್ವಾ?

ಆಮೇಲೆ 1981 ಬಂತು. ಆ ವರ್ಷ ತೋಳಮಾನವರಿಗೆ ಸುಗ್ಗಿ. 'ಆ್ಯನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್' ಬಂತು, ಅದರ ಮೇಕಪ್‌ಗಾಗಿ ರಿಕ್ ಬೇಕರ್‌ಗೆ ಆಸ್ಕರ್ ಸಿಕ್ಕಿತು. ಅದೇ ವರ್ಷ ಜೋ ಡಾಂಟೆ ನಿರ್ದೇಶಿಸಿದ 'ದ ಹೌಲಿಂಗ್' ಬಂತು. ಅದರಲ್ಲಿ ರಾಬ್ ಬಾಟಿನ್ ಎಂಬ ಹುಡುಗ ರಬ್ಬರ್ ಚರ್ಮದ ಕೆಳಗೆ ಗಾಳಿಚೀಲಗಳನ್ನಿಟ್ಟು ಉಬ್ಬಿಸಿ, ಮನುಷ್ಯನ ಮುಖ ಕಣ್ಣೆದುರೇ ಕುದಿಯುವಂತೆ ಮಾಡಿದ. ಕಂಪ್ಯೂಟರ್ ಗ್ರಾಫಿಕ್ಸ್ ಇಲ್ಲದ ಕಾಲ. ಈಗ ನೋಡಿದರೂ ಮೈ ಜುಮ್ಮೆನ್ನುತ್ತದೆ. ಕೊನೆಯಲ್ಲಿ ಟಿವಿ ವರದಿಗಾರ್ತಿ ಕರೆನ್ ವೈಟ್ ನೇರಪ್ರಸಾರದಲ್ಲೇ ತೋಳವಾಗಿ ಬದಲಾಗುತ್ತಾಳೆ, ಗುಂಡೇಟಿಗೆ ಸಾಯುತ್ತಾಳೆ.

ಇಷ್ಟು ಒಳ್ಳೆಯ ಸಿನಿಮಾದ ಎರಡನೇ ಭಾಗ ಹೇಗೆ ಶುರುವಾಗುತ್ತದೆ ಗೊತ್ತಾ? ಆಕಾಶದಲ್ಲಿ ನಕ್ಷತ್ರಗಳು. ಅವುಗಳ ಮುಂದೆ ಹೆಸರಾಂತ ಬ್ರಿಟಿಷ್ ನಟ ಕ್ರಿಸ್ಟೋಫರ್ ಲೀ, ಪಕ್ಕದಲ್ಲಿ ಒಂದು ಅಸ್ಥಿಪಂಜರ. ಲೀ ದೊಡ್ಡ ಪುಸ್ತಕ ಹಿಡಿದು ಗಂಭೀರವಾಗಿ ಓದುತ್ತಾರೆ. ಅವರು ಅಲ್ಲಿಗೆ ಹೇಗೆ ಹೋದರು, ಅಸ್ಥಿಪಂಜರ ಯಾರದು, ಯಾರೂ ಹೇಳುವುದಿಲ್ಲ. ಸಿನಿಮಾ ಮುಂದಕ್ಕೆ ಹೋಗುತ್ತದೆ.

ಕಥೆ ಸರಳ. ಕರೆನ್‌ಳ ಶವಸಂಸ್ಕಾರಕ್ಕೆ ಅವಳ ಅಣ್ಣ ಬೆನ್ ಬಂದಿರುತ್ತಾನೆ. ಸ್ಟೆಫಾನ್ ಎಂಬ ಅಪರಿಚಿತ ಹಿರಿಯ, ಅಂದರೆ ಲೀ, ಬಂದು ನಿನ್ನ ತಂಗಿ ತೋಳಮಾನವಿ ಎನ್ನುತ್ತಾರೆ. ಸಾವಿನ ಮನೆಯಲ್ಲಿ ಸಾಂತ್ವನ ಹೇಳುವ ರೀತಿ ನೋಡಿ! ಅಲ್ಲಿಂದ ಬೆನ್, ಪತ್ರಕರ್ತೆ ಜೆನ್ನಿ, ಸ್ಟೆಫಾನ್ ಮೂವರೂ ಟ್ರಾನ್ಸಿಲ್ವೇನಿಯಾಕ್ಕೆ ಹೊರಡುತ್ತಾರೆ. ಅಲ್ಲಿ ಸ್ಟಿರ್ಬಾ ಎಂಬ ತೋಳರಾಣಿ ಇದ್ದಾಳೆ. ಪಾತ್ರ ಮಾಡಿದವರು ಸಿಬಿಲ್ ಡ್ಯಾನಿಂಗ್. ತೋಳಮಾನವರನ್ನು ಕೊಲ್ಲಲು ಬೆಳ್ಳಿ ಬೇಕು ಎನ್ನುವುದು ಇಂಥ ಕಥೆಗಳ ಹಳೆಯ ನಿಯಮ, ಆದರೆ ಅವಳನ್ನು ಬೆಳ್ಳಿ ಏನೂ ಮಾಡುವುದಿಲ್ಲ. ಟೈಟೇನಿಯಂ ಆಯುಧವೇ ಬೇಕಂತೆ. ಯಾಕೆ ಟೈಟೇನಿಯಂ? ಯಾಕೆಂದರೆ ಇದು ಎರಡನೇ ಭಾಗ, ಬೆಳ್ಳಿಗಿಂತ ಒಂದು ಕೈ ಮೇಲಿರಬೇಕು, ಅಷ್ಟೇ. ಅವಳ ಮಂತ್ರ ಕಿವಿಗೆ ಬೀಳದಿರಲಿ ಎಂದು ಇವರ ಕಡೆಯವರೆಲ್ಲ ಕಿವಿಗೆ ಬಿರಡೆ ಹಾಕಿಕೊಳ್ಳುತ್ತಾರೆ. ಬಿರಡೆ ತಪ್ಪಿದ ಒಬ್ಬ ಪಾಪದ ಮನುಷ್ಯನ ಕಣ್ಣುಗುಡ್ಡೆಗಳೇ ಸಿಡಿದು ಹೋಗುತ್ತವೆ. ಕೇಳಿದ್ದು ಕಿವಿ, ಹೋಗಿದ್ದು ಕಣ್ಣು.

ಟ್ರಾನ್ಸಿಲ್ವೇನಿಯಾ ಎಂದು ತೋರಿಸಿದ್ದು ಪ್ರಾಗ್‌ನ ಕಡೆ. ಆಗ ಅದು ಕಮ್ಯುನಿಸ್ಟ್ ಆಳ್ವಿಕೆಯ ಚೆಕೊಸ್ಲೊವಾಕಿಯಾ. ಹಾಗಾಗಿ ಹಿನ್ನೆಲೆಯ ಕಲ್ಲು, ಮಂಜು, ಹಳೆಯ ಬೀದಿ ಎಲ್ಲ ಅಸಲಿ. ಆ ಅಸಲಿ ಬೀದಿಯಲ್ಲಿ ಓಡಾಡುವ ತೋಳಗಳು ಮಾತ್ರ ಕೋತಿಗಳ ಹಾಗೆ ಕಾಣುತ್ತವೆ. ಇದಕ್ಕೆ ನಿರ್ದೇಶಕ ಫಿಲಿಪ್ ಮೋರಾ ಹೇಳಿಕೊಂಡ ಕಥೆ ಇದೆ. ತೋಳದ ವೇಷಗಳಿಗಾಗಿ ಕಾಯುತ್ತಿದ್ದಾಗ ಪೆಟ್ಟಿಗೆಗಳು ಬಂದವಂತೆ, ತೆರೆದರೆ ಒಳಗಿದ್ದದ್ದು 'ಪ್ಲಾನೆಟ್ ಆಫ್ ದ ಏಪ್ಸ್' ವಾನರ ವೇಷಗಳು! ವಾಪಸ್ ಕಳಿಸಲು ಸಮಯವಿಲ್ಲ. ಅದಕ್ಕೇ ಮನುಷ್ಯ ತೋಳವಾಗುವಾಗ ನಡುವೆ ವಾನರ ಹಂತ ಒಂದು ಬರುತ್ತದೆ ಎನ್ನುವಂತೆ ಲೀ ಬಾಯಿಂದ ಮಾತು ಸೇರಿಸಿದರಂತೆ. ಇದರಲ್ಲಿ ಒಗ್ಗರಣೆ ಎಷ್ಟಿದೆಯೋ, ತೆರೆಯ ಮೇಲಿರುವುದನ್ನು ನೋಡಿದರೆ ನಂಬಲು ಕಷ್ಟವೇನಿಲ್ಲ.

ಕ್ರಿಸ್ಟೋಫರ್ ಲೀ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ನಿಮ್ಮ ಪ್ರಶ್ನೆಗೆ ಉತ್ತರ ಇರುವುದೇ ಅಲ್ಲಿ. 'ಲಾರ್ಡ್ ಆಫ್ ದ ರಿಂಗ್ಸ್' ನೋಡಿದವರಿಗೆ ಅವರು ಸರುಮಾನ್. ಅದಕ್ಕೂ ಮುಂಚೆ 1957ರಲ್ಲಿ ಫ್ರಾಂಕೆನ್‌ಸ್ಟೈನ್ ಸೃಷ್ಟಿಸಿದ ಜೀವಿಯಾಗಿ, 1958ರಲ್ಲಿ ಡ್ರಾಕುಲಾ ಆಗಿ, 1959ರಲ್ಲಿ ಮಮ್ಮಿಯಾಗಿ ಹೆಸರು ಮಾಡಿದ್ದವರು. ಈ ಸಿನಿಮಾ ಬರುವ ಹೊತ್ತಿಗೆ ವಯಸ್ಸು ಅರವತ್ತು ದಾಟಿತ್ತು. ಇದರಲ್ಲಿ ಒಂದು ಪಂಕ್ ಸಂಗೀತದ ಕ್ಲಬ್ ಬರುತ್ತದೆ. ಸುತ್ತ ಬಣ್ಣದ ಕೂದಲಿನ ಹುಡುಗ ಹುಡುಗಿಯರು ಕುಣಿಯುತ್ತಿರುತ್ತಾರೆ. ಗುರುತು ಸಿಗಬಾರದೆಂದು ಲೀ ಒಂದು ವಿಚಿತ್ರ ಕೂಲಿಂಗ್ ಗ್ಲಾಸ್ ಹಾಕಿಕೊಂಡು ನಡುವೆ ನಿಂತಿರುತ್ತಾರೆ. ಆರೂವರೆ ಅಡಿಗೆ ಹತ್ತಿರದ ಆಳು! ಮಗಳ ಕಾಲೇಜು ಫೆಸ್ಟ್‌ಗೆ ಬಂದ ಅಪ್ಪನ ಹಾಗೆ ಕಾಣುತ್ತಾರೆ. ಆದರೆ ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ. ಇಡೀ ಸಿನಿಮಾ ಹಾಗೆಯೇ. ಟೈಟೇನಿಯಂ, ಕಿವಿ ಬಿರಡೆ, ವಾನರ ಹಂತ, ಏನು ಕೊಟ್ಟರೂ ಅವರು ದುರಂತ ನಾಟಕದ ರಾಜನ ಮಾತಿನಂತೆ ತೂಕ ಕೊಟ್ಟು ಹೇಳುತ್ತಾರೆ. ನೋಡುವವರಿಗೆ ಕಣ್ಣು ಹೊಡೆದು, ನನಗೂ ಗೊತ್ತು ಕಣ್ರೀ ಇದು ಚೇಷ್ಟೆ ಎನ್ನುವುದಿಲ್ಲ.

ಆಮೇಲೆ 1990ರ 'ಗ್ರೆಮ್ಲಿನ್ಸ್ 2' ಸಿನಿಮಾಕ್ಕೆ ಅದೇ ಜೋ ಡಾಂಟೆ ಜೊತೆ ಕೆಲಸ ಮಾಡುವಾಗ, 'ಹೌಲಿಂಗ್ 2'ರಲ್ಲಿ ನಟಿಸಿದ್ದಕ್ಕೆ ಲೀ ಡಾಂಟೆಯವರ ಕ್ಷಮೆ ಕೇಳಿದರಂತೆ. ಮನೆತನದ ಮನುಷ್ಯ.

ನನ್ನ ಪ್ರಕಾರ ನಗು ಹುಟ್ಟುವುದು ಕೆಟ್ಟತನದಿಂದ ಅಲ್ಲ. ಒಬ್ಬ ಸಮರ್ಥ ಮನುಷ್ಯ ಪೂರ್ತಿ ಶ್ರದ್ಧೆಯಿಂದ ಅಸಂಬದ್ಧವನ್ನು ಮಾಡುವಾಗ ಹುಟ್ಟುತ್ತದೆ. ಅದಕ್ಕೇ ಬೇಕಂತಲೇ ಕೆಟ್ಟದಾಗಿ ತೆಗೆದ ಸಿನಿಮಾಗಳು ನನಗೆ ರುಚಿಸುವುದಿಲ್ಲ. 2013ರ 'ಶಾರ್ಕ್‌ನೇಡೊ' ಥರದವು. ನಗಿ, ನಗಿ ಎಂದು ಪಕ್ಕೆಗೆ ತಿವಿದರೆ ನಗು ಬರುತ್ತದಾ? ಇನ್ನೊಂದು ತುದಿಯಲ್ಲಿ 2010ರ 'ದ ವುಲ್ಫ್‌ಮ್ಯಾನ್' ಇದೆ. ಬೆನಿಸಿಯೊ ಡೆಲ್ ಟೊರೊ, ಆ್ಯಂಟನಿ ಹಾಪ್ಕಿನ್ಸ್, ಮತ್ತೆ ರಿಕ್ ಬೇಕರ್, ಮತ್ತೆ ಮೇಕಪ್‌ಗೆ ಆಸ್ಕರ್. ರೋಮ ಒಂದೊಂದೂ ಸರಿಯಾಗಿದೆ. ನನಗೆ ನಿದ್ದೆ ಬಂತು. ನಿಮ್ಮ ಶತ್ರು ಕೆಟ್ಟ ಸಿನಿಮಾ ಅಲ್ಲ, ಬೋರು ಹೊಡೆಸುವ ಸಿನಿಮಾ.

'ಹೌಲಿಂಗ್ 2' ಬೋರು ಹೊಡೆಸುವುದಿಲ್ಲ, ಅದಕ್ಕೆ ಕಂಜೂಸುತನವೇ ಗೊತ್ತಿಲ್ಲ. ಬೇಬಲ್ ಎಂಬ ತಂಡದ ಒಂದೇ ಹಾಡನ್ನು ಜಾಗ ಸಿಕ್ಕಲ್ಲೆಲ್ಲ ತುರುಕಿದ್ದಾರೆ. ಅದು ಎರಡು ದಿನ ತಲೆಯಿಂದ ಹೋಗುವುದಿಲ್ಲ, ಎಚ್ಚರ. ಒಂದು ದೃಶ್ಯದಿಂದ ಇನ್ನೊಂದಕ್ಕೆ ಹೋಗುವಾಗ, ಹಳೆಯ ಮದುವೆ ವಿಡಿಯೊಗಳಲ್ಲಿ ಇರುತ್ತಿದ್ದವಲ್ಲ, ಅಂಥ ಚಿತ್ರವಿಚಿತ್ರ ಆಕಾರದ ವೈಪ್‌ಗಳು. ಸಂಕಲನಕಾರರು ಇದ್ದಬದ್ದ ಗುಂಡಿಯನ್ನೆಲ್ಲ ಒತ್ತಿದ್ದಾರೆ. ಎಲ್ಲವೂ ಇಷ್ಟವಾಗಬೇಕೆಂದೇನೂ ಇಲ್ಲ. ಕೊನೆಯ ಟೈಟಲ್ ಓಡುವಾಗ ಸಿಬಿಲ್ ಡ್ಯಾನಿಂಗ್ ಮೇಲುಡುಪು ಹರಿದುಕೊಳ್ಳುವ ಒಂದೇ ತುಣುಕನ್ನು ಮತ್ತೆ ಮತ್ತೆ ಹಾಕಿದ್ದಾರೆ. 17 ಸಲ ಎಂದು ಎಣಿಸಿದವರಿದ್ದಾರೆ. ನನಗೆ ಅದು ತಮಾಷೆ ಅನ್ನಿಸಲಿಲ್ಲ, ಕೀಳು ಅನ್ನಿಸಿತು. ಅಷ್ಟು ಹೊತ್ತಿಗೆ ಟಿವಿ ಆಫ್ ಮಾಡಿದರೆ ಏನೂ ನಷ್ಟವಿಲ್ಲ.

ನಮ್ಮ ಕಡೆಯ ಉದಾಹರಣೆ ಬೇಕೆಂದರೆ ಹಿಂದಿಯ 'ಜುನೂನ್' ನೋಡಿ. 1992ರದ್ದು, ಮಹೇಶ್ ಭಟ್ ನಿರ್ದೇಶನ. 'ಆಶಿಕಿ'ಯ ರಾಹುಲ್ ರಾಯ್ ಶಾಪ ತಗುಲಿ ಹುಣ್ಣಿಮೆ ರಾತ್ರಿ ಹುಲಿಯಾಗುತ್ತಾನೆ. ನಮ್ಮ ನೆಲಕ್ಕೆ ತೋಳಕ್ಕಿಂತ ಹುಲಿಯೇ ಸರಿ ಎಂದು ಯೋಚಿಸಿದ್ದು ಒಳ್ಳೆಯದೇ. ಮೈ ಬದಲಾಗುವ ದೃಶ್ಯ ಬಂದಾಗ 1981ರ ಲಂಡನ್ ಸಿನಿಮಾ ನೆನಪಾಗದೇ ಇರದು. ರಾಹುಲ್ ರಾಯ್ ಕೂಡ ಲೀ ಹಾಗೆಯೇ, ಒಂಚೂರೂ ನಗದೆ ಗುರುಗುಟ್ಟುತ್ತಾರೆ. ನಡುನಡುವೆ ಹಾಡು ಬೇರೆ.

ಇನ್ನು ನೋಡುವ ರೀತಿ. ಒಬ್ಬರೇ ಕೂತು ನೋಡಬೇಡಿ, ಇಂಥದ್ದಕ್ಕೆ ಪಕ್ಕದಲ್ಲಿ ಯಾರಾದರೂ ಇರಲೇಬೇಕು. ಹಾಗೆಂದು ಅಪ್ಪ ಅಮ್ಮನ ಜೊತೆ ಬೇಡವೇ ಬೇಡ. ತೋಳರಾಣಿಯ ಕೋಟೆಯಲ್ಲಿ ಮೂವರು ಮೈತುಂಬಾ ರೋಮ ಬಂದ ಮೇಲೂ ಸರಸ ಮುಂದುವರಿಸುವ ಒಂದು ದೃಶ್ಯವಿದೆ, ರಿಮೋಟ್ ಹುಡುಕುವಷ್ಟರಲ್ಲಿ ಮಾನ ಹೋಗಿರುತ್ತದೆ. 1981ರ ಮೊದಲ ಭಾಗವನ್ನು ಹಿಂದಿನ ದಿನ ನೋಡಿಕೊಂಡರೆ ಎರಡನೆಯದರ ಮಜಾ ದುಪ್ಪಟ್ಟು. ಇದರಲ್ಲಿ ಸರಿ ತಪ್ಪು ಹುಡುಕುತ್ತಾ ಕೂರಬೇಡಿ, ಲೀ ಮುಖ ನೋಡುತ್ತಿರಿ. ನಿಮ್ಮ ರೂಮ್‌ಮೇಟ್ ಪ್ರತಿ ಮಾತಿಗೂ ಕಾಮೆಂಟರಿ ಕೊಡುವ ಪೈಕಿಯಾದರೆ ಮೊದಲ ಅರ್ಧ ಗಂಟೆ ಸುಮ್ಮನಿರಲು ಹೇಳಿ. ಜೋಕು ಸಿನಿಮಾದಲ್ಲೇ ಸಾಕಷ್ಟಿದೆ.

ಅಷ್ಟಾದ ಮೇಲೂ ನಗು ಬರದಿದ್ದರೆ ಇದು ನಿಮ್ಮ ರುಚಿಯ ಸಿನಿಮಾ ಅಲ್ಲ, ಅಷ್ಟೇ. ಬಂದರೆ ಮೋರಾ ಅವರೇ 1987ರಲ್ಲಿ ಮಾಡಿದ ಮೂರನೇ ಭಾಗವಿದೆ. ಆಸ್ಟ್ರೇಲಿಯಾದಲ್ಲಿ ನಡೆಯುತ್ತದೆ, ಅಲ್ಲಿನ ತೋಳಮಾನವಿಯರಿಗೆ ಕಾಂಗರೂ ಥರ ಹೊಟ್ಟೆಚೀಲ ಇರುತ್ತದೆ. ಮರಿ ಹುಟ್ಟಿ ತೆವಳಿಕೊಂಡು ಅದರೊಳಗೆ ಹೋಗುವುದನ್ನೂ ತೋರಿಸುತ್ತಾರೆ. ಅದನ್ನು ಊಟ ಮಾಡುತ್ತಾ ಮಾತ್ರ ನೋಡಬೇಡಿ.