ಮೂರನೆಯ ಸಲ ವಾಷರ್ ಬದಲಿಸುವ ಮೊದಲು

ವಿಜಯಪುರದ ಸ್ನೇಹಿತರು ತಮ್ಮ ಎರಡು ಬಟನ್ನಿನ ಫ್ಲಶ್ ಟಾಕಿ ಎಂಟು ತಿಂಗಳಲ್ಲಿ ಎರಡು ಸಲ ಸೋರಿತೆಂದೂ, ಎರಡೂ ಸಲ ವಾಷರ್ ಬದಲಿಸಿದರೆಂದೂ, ಈಗ ಪ್ಲಂಬರ್ ಹೇಳಿದಂತೆ ಟಾಕಿಯೊಳಗೆ ಅರ್ಧ ಬಾಟಲಿ ಆ್ಯಸಿಡ್ ಸುರಿದು ಮತ್ತೆ ಅದೇ ನಮೂನೆಯ ವಾಷರ್ ಕೂಡಿಸಲಿದ್ದಾರೆಂದೂ ಬರೆದಿದ್ದಾರೆ. ದಯವಿಟ್ಟು ಆ ಬಾಟಲಿಯ ಮುಚ್ಚಳ ತೆಗೆಯಬೇಡಿ. ಬಾಗಲಕೋಟೆಯ ನವನಗರದಲ್ಲಿ ಇದೇ ಕೆಲಸವನ್ನು ಇದೇ ಕ್ರಮದಲ್ಲಿ ಮಾಡಿ ಅನುಭವಿಸಿದವನು ನಾನು.

ಆ್ಯಸಿಡ್ ಸುರಿದ ದಿನ ನನಗೂ ಬಹಳ ಸಂತೋಷವಾಗಿತ್ತು. ಬುಸ್ಸೆಂದು ನೊರೆ ಎದ್ದಿತು, ಬಿಳಿ ಪದರು ಕರಗಿತು, ಸೋರಿಕೆ ನಿಂತಿತು. ಟಾಕಿಯನ್ನು ಕಮೋಡಿಗೆ ಬಿಗಿದಿದ್ದ ಎರಡು ಬೋಲ್ಟುಗಳು ಹಿತ್ತಾಳೆಯವೆಂದು ನಾನು ತಿಳಿದಿದ್ದೆ; ಅವು ಹಿತ್ತಾಳೆಯ ಬಣ್ಣದ ಲೇಪ ಹಚ್ಚಿದ ಕಬ್ಬಿಣದವು. ಆರು ವಾರಗಳ ನಂತರ ನಾವೆಲ್ಲ ಮದುವೆಗೆಂದು ಮುಧೋಳಕ್ಕೆ ಹೋಗಿದ್ದ ರಾತ್ರಿ ಅವುಗಳಲ್ಲೊಂದು ತುಂಡಾಯಿತು. ಟಾಕಿ ಒಂದು ಬದಿಗೆ ವಾಲಿತು, ಅದಕ್ಕೆ ನೀರು ತುಂಬಿಸುವ ಒಳಗಿನ ಫಿಲ್ ವಾಲ್ವ್ ಮಾತ್ರ ತನ್ನ ಕೆಲಸ ಬಿಡದೆ ನೀರು ಬಿಡುತ್ತಲೇ ಇತ್ತು, ಮಾಳಿಗೆಯ ಮೇಲಿನ ಸಾವಿರ ಲೀಟರಿನ ಟಾಕಿ ಬೆಳಗಾಗುವುದರೊಳಗೆ ಬರಿದಾಯಿತು. ಮರುದಿನ ಬಾಗಿಲು ತೆರೆದರೆ ಪಡಸಾಲೆಯಲ್ಲಿ ಚಪ್ಪಲಿಗಳು ತೇಲುತ್ತಿದ್ದವು, ಗೋಡೆಗೆ ಒರಗಿಸಿದ್ದ ಎರಡು ಚೀಲ ಜೋಳ ಬುಡದಿಂದ ನೆನೆದು ಬಿಸಿಯಾಗಿದ್ದವು. ಆ್ಯಸಿಡ್ ಸುರಿಯುವಾಗ ಹೊರಗೆ ಸಿಡಿದ ನಾಲ್ಕು ಹನಿಗಳ ಗುರುತು ಶಹಾಬಾದಿ ಕಲ್ಲಿನ ಮೇಲೆ ಈಗಲೂ ಇದೆ. ಆ ಕಲ್ಲೂ ಸುಣ್ಣದ ಕಲ್ಲೇ ಅಲ್ಲವೇ, ಆ್ಯಸಿಡ್ ಅದನ್ನೇಕೆ ಬಿಟ್ಟೀತು? ಮತ್ತೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ಬ್ಲೀಚಿಂಗ್ ಪೌಡರ್ ಅಥವಾ ಕ್ಲೋರಿನ್ ಗುಳಿಗೆ ಹಾಕಿದ ಟಾಕಿಗೆ ಯಾವ ಆ್ಯಸಿಡನ್ನೂ ಬೆರೆಸಬಾರದು, ಏಳುವ ಕ್ಲೋರಿನ್ ಅನಿಲ ಮುಚ್ಚಿದ ಬಚ್ಚಲಲ್ಲಿ ಪ್ರಾಣಕ್ಕೇ ಎರವಾಗಬಹುದು.

ನೀವು ವಾಷರನ್ನು ಬಯ್ಯುತ್ತಿದ್ದೀರಿ, ಆದರೆ ಬಹುತೇಕ ತಪ್ಪು ವಾಷರಿನದಲ್ಲ, ಅದು ಕೂಡುವ ಸೀಟಿನದು, ಅಂದರೆ ಟಾಕಿಯ ತಳದಲ್ಲಿ ನೀರು ಹೊರಹೋಗುವ ಬಾಯಿಯ ಅಂಚಿನದು. ನಮ್ಮಲ್ಲಿ ಎಲ್ಲ ಕೆಟ್ಟ ನೀರಿಗೂ ಸವಳು ನೀರು ಎಂದುಬಿಡುತ್ತೇವೆ. ಉಪ್ಪಾದ ನೀರು ಬೇರೆ, ಗಡಸು ನೀರು ಬೇರೆ. ತೊಗರಿಬೇಳೆ ಬೇಯದಂತೆ, ಸೋಪು ನೊರೆಯಾಗದಂತೆ ಮಾಡುವುದು ಎರಡನೆಯದು, ಅಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕರಗಿರುವ ನೀರು. ಲೋಕಾಪುರ, ಕಲಾದಗಿಯ ಸುತ್ತ ನೆಲದಡಿಯಲ್ಲಿ ಸುಣ್ಣದ ಕಲ್ಲೂ ಡೊಲೊಮೈಟೂ ಇರುವುದರಿಂದ ನಮ್ಮ ಕಡೆ ಅದಕ್ಕೆ ಕೊರತೆಯಿಲ್ಲ, ನಿಮ್ಮ ಕಡೆಯ ಕಪ್ಪು ಕಲ್ಲಿನ ಬೋರಿನ ನೀರೂ ಕಡಿಮೆಯೇನಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ, ಅಂದರೆ 2012ರ ಐಎಸ್ 10500, ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಸಾಕೆಂದೂ, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಇರಬಹುದೆಂದೂ ಹೇಳುತ್ತದೆ. ನೆಲದಡಿಯ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಇರುವವರೆಗೆ ಈ ಸುಣ್ಣ ಕರಗಿರುತ್ತದೆ. ಮೇಲೆ ಬಂದು ಗಾಳಿಗೆ ತೆರೆದುಕೊಂಡು, ಬೇಸಿಗೆಯಲ್ಲಿ ಕರಿ ಪ್ಲಾಸ್ಟಿಕ್ ಟಾಕಿಯಲ್ಲಿ ಕಾದ ಕೂಡಲೇ ಆ ಅನಿಲ ಹಾರಿಹೋಗಿ ಸುಣ್ಣ ಹೊರಬೀಳುತ್ತದೆ. ಸೀಟಿನ ಅಂಚಿನಲ್ಲಿ ಕೂದಲೆಳೆಯಷ್ಟು ಸೋರಿಕೆ ಇದ್ದರೂ ಅಲ್ಲಿ ಚಕ್ಕೆ ಕಟ್ಟುತ್ತದೆ, ಚಕ್ಕೆ ವಾಷರನ್ನು ಎತ್ತಿ ಹಿಡಿಯುತ್ತದೆ, ಸೋರಿಕೆ ಹೆಚ್ಚುತ್ತದೆ. ಆ ಒರಟು ಅಂಚಿನ ಮೇಲೆ ಹೊಸ ವಾಷರ್ ಇಟ್ಟರೆ ಅದು ಮೆತ್ತಗಿರುವವರೆಗೆ ಮಾತ್ರ ಹಿಡಿಯುತ್ತದೆ, ಆಮೇಲೆ ನಿಮ್ಮ ಎಂಟು ತಿಂಗಳ ಕಥೆ ಮತ್ತೆ ಮೊದಲಾಗುತ್ತದೆ.

ಸೋರಿಕೆ ಎಲ್ಲಿಂದ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ರಾತ್ರಿ ಮಲಗುವಾಗ ಆ್ಯಂಗಲ್ ಕಾಕ್, ಅಂದರೆ ಟಾಕಿಗೆ ನೀರು ಬಿಡುವ ಗೋಡೆಯ ನಳ, ಬಂದ್ ಮಾಡಿ, ಟಾಕಿಯ ಒಳಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ, ಮತ್ತು ಟಾಕಿಯ ಕೆಳಗೆ ನೆಲ ಒಣಗಿದ್ದರೆ, ತಪ್ಪು ಕೆಳಗಿನ, ಕಮೋಡಿಗೆ ನೀರು ಬಿಡುವ ಫ್ಲಶ್ ವಾಲ್ವಿನದು. ಇಳಿಯದೆ, ನಳ ಬಿಟ್ಟಾಗ ಮಾತ್ರ ಕಮೋಡಿನಲ್ಲಿ ನೀರು ಹರಿದರೆ ಫಿಲ್ ವಾಲ್ವ್ ನಿಲ್ಲದೆ ಓವರ್‌ಫ್ಲೋ ಕೊಳವೆಯ ಮೇಲಿಂದ ನೀರು ಹೋಗುತ್ತಿದೆ ಎಂದರ್ಥ. ಜಿಲೇಬಿಗೆ ಹಾಕುವ ಬಣ್ಣವನ್ನು ಚಿಟಿಕೆಯಷ್ಟು ಟಾಕಿಗೆ ಹಾಕಿ, ಬಟನ್ ಒತ್ತದೆಯೇ ಕಮೋಡಿನಲ್ಲಿ ಬಣ್ಣ ಇಳಿಯುತ್ತದೆಯೇ ಎಂದು ನೋಡುವುದೂ ಉಂಟು; ಅರಿಷಿಣ ಬೇಡ, ಅದು ಸರಿಯಾಗಿ ಕರಗುವುದಿಲ್ಲ. ಟಾಕಿಯ ಒಳಗಳತೆ ಸುಮಾರು 35 ಸೆಂಟಿಮೀಟರಿಗೆ 15 ಇದ್ದರೆ ಒಂದು ಸೆಂಟಿಮೀಟರ್ ಇಳಿಯುವುದೆಂದರೆ ಅರ್ಧ ಲೀಟರಿಗಿಂತ ತುಸು ಹೆಚ್ಚು. ನನ್ನದು ಗಂಟೆಗೆ ನಾಲ್ಕು ಸೆಂಟಿಮೀಟರ್ ಇಳಿಯುತ್ತಿತ್ತು. ಲೆಕ್ಕ ಹಾಕಿದರೆ ದಿನಕ್ಕೆ 50 ಲೀಟರ್, ಅಂದರೆ ಆರು ಲೀಟರಿನ ಎಂಟು ಪೂರ್ತಿ ಫ್ಲಶ್ಶುಗಳು ಯಾರೂ ಬಟನ್ ಒತ್ತದೆಯೇ ಹೋಗುತ್ತಿದ್ದವು. ನೀರುಳಿಸಲೆಂದು ಎರಡು ಬಟನ್ನಿನ ಟಾಕಿ ತಂದವನ ಸ್ಥಿತಿ ಇದು. ಹಾಗೆಯೇ ಮುಚ್ಚಳದ ಕೆಳಗಿನ ಬಟನ್ ಕಡ್ಡಿಗಳು ಉದ್ದವಾಗಿ ವಾಲ್ವನ್ನು ಸದಾ ಒತ್ತಿ ಹಿಡಿದಿವೆಯೇ ಎಂದು ಮುಚ್ಚಳ ಎತ್ತಿ ನೋಡಿ. ಆ ತಪ್ಪಿಗೆ ನೀರನ್ನು ಬಯ್ದು ಫಲವಿಲ್ಲ.

ಈಗ ನನ್ನ ವಿಧಾನ ಹೇಳುತ್ತೇನೆ. ಕಿರಾಣಿ ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಮ್ಲ, ಅಂದರೆ ನಿಂಬೆ ಉಪ್ಪು, ಎರಡು ದೊಡ್ಡ ಚಮಚದಷ್ಟನ್ನು ಒಂದು ಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ. ಕುದಿಯುವ ನೀರು ಬೇಡ, ಏಕೆಂದರೆ ಬಿಸಿಯಲ್ಲಿ ಕ್ಯಾಲ್ಸಿಯಂ ಸಿಟ್ರೇಟ್ ಮತ್ತೊಂದು ಬಿಳಿ ಪುಡಿಯಾಗಿ ಕೂಡುತ್ತದೆ. ಟಾಕಿ ಬರಿದು ಮಾಡಿ, ನಡುವಿನ ವಾಲ್ವ್ ಡಬ್ಬಿಯನ್ನು ಕಾಲು ಸುತ್ತು ಎಡಕ್ಕೆ ತಿರುಗಿಸಿ ಎತ್ತಿ, ವಾಷರ್ ಸಮೇತ ಆ ನೀರಿನಲ್ಲಿ ಎರಡು ಗಂಟೆ ಮುಳುಗಿಸಿಡಿ. ಸೀಟಿಗೆ ಹಳೆಯ ಹತ್ತಿಯ ಬಟ್ಟೆಯನ್ನು ಅದೇ ನೀರಿನಲ್ಲಿ ನೆನೆಸಿ ಉಂಗುರದಂತೆ ಸುತ್ತಿ ಇಡಿ. ಒಣಗುತ್ತ ಬಂದಂತೆ ಮೇಲಿಂದ ಚಿಮುಕಿಸುತ್ತಿರಿ. ಆಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಬೆರಳ ತುದಿಯನ್ನು ಅಂಚಿನ ಸುತ್ತ ನಿಧಾನವಾಗಿ ಓಡಿಸಿ. ಎಲ್ಲಿಯೂ ಮರಳಿನಂತೆ ತಾಗಬಾರದು, ತಾಗಿದರೆ ಮತ್ತೆ ನೆನೆಸಿ. ಚಾಕು, ಸ್ಕ್ರೂಡ್ರೈವರ್, ಪಾತ್ರೆ ತಿಕ್ಕುವ ತಂತಿ ಇವನ್ನು ಹತ್ತಿರಕ್ಕೂ ತರಬೇಡಿ. ಒಂದು ಗೀರು ಬಿದ್ದ ಸೀಟು ಯಾವ ವಾಷರಿಗೂ ಹೊಂದುವುದಿಲ್ಲ. ಹುಣಸೆಹಣ್ಣಿನಿಂದ ಆಗದೇ ಎಂದು ಮನೆಯಲ್ಲಿ ಕೇಳುತ್ತಾರೆ. ತಾಮ್ರದ ಹಂಡೆಗೆ ಅದು ಸರಿ, ಇಲ್ಲಿ ಅದರ ತಿರುಳು ಸಣ್ಣ ತೂತುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ವಾಷರಿಗೆ ವ್ಯಾಸಲೀನ್ ಹಚ್ಚುವ ಪ್ಲಂಬರುಗಳಿದ್ದಾರೆ, ರಬ್ಬರು ಉಬ್ಬುತ್ತದೆ. ಹಚ್ಚಲೇಬೇಕಾದರೆ ಸಿಲಿಕೋನ್ ಗ್ರೀಸ್ ತನ್ನಿ. ಇಷ್ಟನ್ನು ನಾಲ್ಕು ತಿಂಗಳಿಗೊಮ್ಮೆ, ಸೋರಲು ತೊಡಗುವ ಮೊದಲೇ ಮಾಡಿದರೆ ಒಂದೇ ವಾಷರ್ ವರ್ಷಗಟ್ಟಲೆ ಬಾಳುತ್ತದೆ. ನನ್ನದು ಮೂರು ವರ್ಷ ದಾಟಿದೆ.

ಹೊಸದನ್ನೇ ಕೊಳ್ಳುವುದಾದರೆ ಗಡಸು ನೀರಿಗೆ ನನ್ನ ಮೊದಲ ಆಯ್ಕೆ ಹಳೆಯ ಸೈಫನ್ ಟಾಕಿ, ನಗುವವರು ನಗಲಿ. ಹ್ಯಾಂಡಲ್ ಒತ್ತಿದಾಗ ಒಳಗಿನ ತಟ್ಟೆ ನೀರನ್ನು ಎತ್ತಿ ಬಾಗಿದ ಕೊಳವೆಯ ತಲೆಯ ಮೇಲಿಂದ ದಾಟಿಸುತ್ತದೆ, ಒಮ್ಮೆ ದಾಟಿದ ನೀರು ಉಳಿದುದನ್ನೆಲ್ಲ ಎಳೆದುಕೊಂಡು ಹೋಗುತ್ತದೆ, ಗಾಳಿ ಹೊಕ್ಕೊಡನೆ ನಿಲ್ಲುತ್ತದೆ. ನೀರನ್ನು ತಡೆದು ನಿಲ್ಲಿಸುವ ವಾಷರ್ ಅದರ ತಳದಲ್ಲಿ ಇಲ್ಲವೇ ಇಲ್ಲ, ಆದ್ದರಿಂದ ಚಕ್ಕೆ ಕಟ್ಟಿದರೂ ಅಲ್ಲಿ ಸೋರಲು ದಾರಿಯಿಲ್ಲ. ಬ್ರಿಟನ್ನಿನಲ್ಲಿ 2001ರ ವರೆಗೆ ಮನೆಗಳ ಟಾಕಿಗಳಿಗೆ ಸೈಫನ್ನನ್ನೇ ಕಡ್ಡಾಯ ಮಾಡಿದ್ದರು, ನೀರು ವ್ಯರ್ಥವಾಗಬಾರದೆಂಬುದೇ ಕಾರಣ. ಇದಕ್ಕೂ ದೋಷಗಳಿವೆ: ಒತ್ತಲು ಬಲ ಬೇಕು, ವಯಸ್ಸಾದವರಿಗೂ ಮಕ್ಕಳಿಗೂ ತ್ರಾಸ, ಒಳಗಿನ ಪ್ಲಾಸ್ಟಿಕ್ ಹಾಳೆ ಹರಿದರೆ ಐದು ಸಲ ಒತ್ತಬೇಕಾಗುತ್ತದೆ, ಅರ್ಧ ಫ್ಲಶ್ ಸೌಕರ್ಯ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಕೆಟ್ಟಾಗ ಅದು ಫ್ಲಶ್ ಮಾಡುವುದನ್ನು ಬಿಡುತ್ತದೆಯೇ ಹೊರತು ಕದ್ದುಮುಚ್ಚಿ ಸೋರುವುದಿಲ್ಲ.

ಎರಡು ಬಟನ್ನಿನದೇ ಬೇಕೆಂದರೆ ಅಂಗಡಿಯಲ್ಲಿ ಬಣ್ಣ, ಬೆಲೆ ಕೇಳುವ ಮೊದಲು ಕೆಳಗಿನ ವಾಷರ್ ಒಂದೇ ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿ, ಸಾಧ್ಯವಾದರೆ ಎರಡನ್ನು ಅಂದೇ ತಂದಿಡಿ. ಸಿಲಿಕೋನ್ ವಾಷರ್ ಕಪ್ಪು ರಬ್ಬರಿಗಿಂತ ಮೇಲು. ಗೆಬೆರಿಟ್ ಕಂಪನಿಯದು ತುಟ್ಟಿ, ಆದರೆ ಅದರ ಸೀಲ್ ಬಿಡಿಯಾಗಿ ಸಿಗುತ್ತದೆ. ಗೋಡೆಯೊಳಗೆ ಹುದುಗಿಸುವ ಟಾಕಿಯನ್ನು ಬೋರಿನ ನೀರಿರುವ ಮನೆಗೆ ನಾನಂತೂ ಹೇಳುವುದಿಲ್ಲ. ನಾಲ್ಕು ತಿಂಗಳಿಗೊಮ್ಮೆ ಅಂಗೈಯಗಲದ ಕಿಂಡಿಯಲ್ಲಿ ಕೈ ಹಾಕಿ ಚಕ್ಕೆ ತೆಗೆಯುವ ತಾಳ್ಮೆ ನಿಮಗಿದ್ದರೆ ಅದು ಬೇರೆ ಮಾತು.

ಫಿಲ್ ವಾಲ್ವನ್ನು ಎಲ್ಲರೂ ಮರೆಯುತ್ತಾರೆ. ಅದರ ಡಯಾಫ್ರಾಮಿನಲ್ಲಿ, ಅಂದರೆ ಒಳಗಿನ ರಬ್ಬರ್ ಪರದೆಯಲ್ಲಿ, ಸೂಜಿಮೊನೆಯಷ್ಟು ತೂತು ಇರುತ್ತದೆ, ಒಂದು ಚಕ್ಕೆ ಅದರಲ್ಲಿ ಕೂತರೆ ನೀರು ನಿಲ್ಲುವುದೇ ಇಲ್ಲ. ಫ್ಲುಯಿಡ್‌ಮಾಸ್ಟರ್ 400ಎ ಎಂಬ ಫಿಲ್ ವಾಲ್ವ್ ನನಗೆ ಹಿಡಿಸಿದ್ದು ಇದಕ್ಕೇ: ಮೇಲಿನ ಟೋಪಿಯನ್ನು ತುಸು ತಿರುಗಿಸಿ ತೆಗೆದು, ತೆರೆದ ಬಾಯಿಯ ಮೇಲೆ ಲೋಟ ಬೋರಲು ಹಿಡಿದು ಕಾಕ್ ಬಿಟ್ಟರೆ ಕಸವೆಲ್ಲ ತೊಳೆದು ಹೋಗುತ್ತದೆ. ಕಾಕಿನ ಕಡೆಯ ನೈಲಾನ್ ಜಾಲರಿಯನ್ನು ನೀರು ನಿಧಾನ ಎಂದು ಕಿತ್ತೆಸೆಯಬೇಡಿ, ತೊಳೆದು ಮತ್ತೆ ಹಾಕಿ.

ಇದೇ ಚರ್ಚೆಯಲ್ಲಿ ಇನ್ನೊಬ್ಬರು ಆರ್‌ಓ ಯಂತ್ರದಿಂದ ಹೊರಬೀಳುವ ನೀರನ್ನು ಫ್ಲಶ್ ಟಾಕಿಗೆ ಜೋಡಿಸಲು ಹೇಳಿದ್ದಾರೆ. ಆ ನೀರಿನಲ್ಲಿ ಸುಣ್ಣ ಮೊದಲಿಗಿಂತ ದಟ್ಟವಾಗಿರುತ್ತದೆ, ಟಾಕಿಗೆ ಅದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ. ಉಳಿಸುವ ಮನಸ್ಸಿದ್ದರೆ ಬಕೆಟ್ಟಿನಲ್ಲಿ ಹಿಡಿದು ನೇರವಾಗಿ ಕಮೋಡಿಗೆ ಸುರಿಯಿರಿ. ಸುಣ್ಣ ಕಟ್ಟದಿರಲೆಂದು ಕೊಳವೆಗೆ ಅಯಸ್ಕಾಂತ ಕಟ್ಟುವ ಸಲಹೆಯನ್ನು ನಾನು ನಂಬುವುದಿಲ್ಲ. ನೀರಿನ ಗಡಸುತನ ತೆಗೆಯುವ, ಉಪ್ಪು ಹಾಕುವ ಸಾಫ್ಟನರ್ ಯಂತ್ರ ನಿಜವಾಗಿ ಕೆಲಸ ಮಾಡುತ್ತದೆ, ಆದರೆ ನೀರಿನಲ್ಲಿ ಕರಗಿದ ಒಟ್ಟು ಲವಣ ತೋರಿಸುವ ಟಿಡಿಎಸ್ ಮೀಟರ್ ಹಿಡಿದು ಅದನ್ನು ಅಳೆದು ಮೋಸವಾಯಿತೆಂದು ಕೂಗಬೇಡಿ. ಕ್ಯಾಲ್ಸಿಯಂ ಹೋಗಿ ಅದರ ಜಾಗಕ್ಕೆ ಸೋಡಿಯಂ ಬರುವುದರಿಂದ ಆ ಅಂಕಿ ಹೆಚ್ಚೇನೂ ಬದಲಾಗುವುದಿಲ್ಲ. ಕಮೋಡಿಗೋಸ್ಕರ ಮಾತ್ರ ಅಷ್ಟು ಖರ್ಚು ಅನವಶ್ಯ.

ಇವತ್ತು ರಾತ್ರಿ ಗೆರೆ ಎಳೆದು ನಾಳೆ ಎಷ್ಟು ಇಳಿಯಿತೆಂದು ತಿಳಿಸಿ, ಸೀಟಿನ ಫೋಟೋವನ್ನೂ ಹಾಕಿ. ಮುಚ್ಚಳ ತೆಗೆದಾಗ ತಳದ ಬೋಲ್ಟುಗಳಿಗೆ ಒಂದು ಸಣ್ಣ ಅಯಸ್ಕಾಂತ ತಾಗಿಸಿ ನೋಡಿ; ಅಂಟಿಕೊಂಡರೆ ಅವು ಕಬ್ಬಿಣದವು, ವಾಷರಿಗಿಂತ ಮೊದಲು ಅವನ್ನು ಬದಲಿಸಿ.