ರಾಯಚೂರಿನ ಬೇಸಿಗೆಗೆ ಪ್ರತಿ ವರ್ಷ ಕಾರಿನ ಎಸಿ ಗ್ಯಾಸ್ ತುಂಬಿಸಲೇಬೇಕಾ?

ಬೇಡ. ಎಸಿ ಗ್ಯಾಸ್ ಪೆಟ್ರೋಲ್ ಥರ ಉರಿದು ಖಾಲಿಯಾಗುವುದಿಲ್ಲ. ಮುಚ್ಚಿದ ಪೈಪುಗಳೊಳಗೆ ಅದೇ ಗ್ಯಾಸ್ ಸುತ್ತುತ್ತಾ, ಕಾರಿನೊಳಗಿನ ಶಾಖ ಹೀರಿ ಹೊರಗೆ ಬಿಡುತ್ತದೆ. ಹಳೇ ಕಾರಿನ ರಬ್ಬರ್ ಪೈಪು, ಸೀಲುಗಳಿಂದ ವರ್ಷಗಳ ಮೇಲೆ ಸ್ವಲ್ಪ ಸೋರಬಹುದು, ನಿಜ. ಆದರೆ ಒಂದೇ ವರ್ಷಕ್ಕೆ ಇಳಿದುಹೋದರೆ ಎಲ್ಲೋ ಲೀಕ್ ಇದೆ ಅಂತ ಅರ್ಥ. ಅದನ್ನು ಹುಡುಕದೆ ಗ್ಯಾಸ್ ಹಾಕಿಸುವುದು ತೂತು ಕೊಡಕ್ಕೆ ನೀರು ಹೊಯ್ದಂತೆ.

ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ, ಅದರ ಜೊತೆ ಧೂಳು ಬೇರೆ. ತಂಪು ಕಡಿಮೆಯಾದರೆ ನಾನಂತೂ ಮೊದಲು ಧೂಳನ್ನೇ ಅನುಮಾನಿಸುತ್ತೇನೆ. ಗಾಳಿಯೇ ಜೋರಾಗಿ ಬರುತ್ತಿಲ್ಲವಾ? ಕಾರಿನೊಳಗೆ ಬರುವ ಗಾಳಿಯ ಧೂಳು ಸೋಸುವ ಕ್ಯಾಬಿನ್ ಫಿಲ್ಟರ್ ನೋಡಿ. ಬಹಳಷ್ಟು ಕಾರುಗಳಲ್ಲಿ ಅದು ಎಡಗಡೆ ಸೀಟಿನ ಮುಂದಿರುವ ಡಬ್ಬಿಯ ಹಿಂದೆ ಇರುತ್ತದೆ. ಮನೆಯಲ್ಲೇ ಬಿಚ್ಚಿ ಬದಲಾಯಿಸಬಹುದು. ಗಾಳಿ ಜೋರಾಗಿದ್ದೂ ತಂಪಿಲ್ಲ ಅಂದರೆ ಕಂಡೆನ್ಸರ್ ನೋಡಿ. ರೇಡಿಯೇಟರ್ ಮುಂದೆ ಜಾಲರಿಯಂತೆ ಇರುವ ಭಾಗ ಅದು. ಧೂಳು, ಹುಳ ಮೆತ್ತಿಕೊಂಡರೆ ಶಾಖ ಹೊರಗೆ ಹೋಗುವುದಿಲ್ಲ. ಎಂಜಿನ್ ತಣ್ಣಗಾದ ಮೇಲೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಪ್ರೆಶರ್ ಪೈಪ್ ಬೇಡ, ಕಂಡೆನ್ಸರಿನ ತೆಳು ರೆಕ್ಕೆಗಳು ಮಡಚಿಹೋಗುತ್ತವೆ.

ಇಷ್ಟಾದ ಮೇಲೂ ತಂಪಾಗದಿದ್ದರೆ ಗ್ಯಾರೇಜಿಗೆ ಹೋಗಿ, ಮೊದಲು ಲೀಕ್ ಟೆಸ್ಟ್ ಮಾಡಿಸಿ.